ಡಿಸ್ಕಣ್ಣನ ಹಸಿರು ಬಟನ್ನು

"ಸಾರ್, ಇದನ್ನ ಇನ್ಮೇಲೆ ಯಾರು ಬೇಕಾದ್ರೂ ಮಾಡಬಹುದು" ಎಂದು ಡಿಸ್ಕಣ್ಣ ಬೆಳಿಗ್ಗೆ ಸ್ಟುಡಿಯೋದ ಯಜಮಾನರ ಮುಂದೆ ಎದೆಯುಬ್ಬಿಸಿ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. "ಸುಲಭ ಮಾಡಿದ್ದೀನಿ ಸಾರ್" ಎಂದಿದ್ದರೆ ಸಾಕಿತ್ತು. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸ, ಹೆಮ್ಮೆ ಹೊಟ್ಟೆಯೊಳಗೆ ನಿಲ್ಲಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಡಿಸ್ಕಣ್ಣ ಎನ್ನುವುದು ತಾಯಿ ತಂದೆ ಇಟ್ಟ ಹೆಸರಲ್ಲ, ಸ್ಟುಡಿಯೋದವರು ಇಟ್ಟದ್ದು. ಅದು ಮಕ್ಕಳಿಗಾಗಿ ಕಾರ್ಟೂನು ತಯಾರಿಸುವ ಸ್ಟುಡಿಯೋ. ಅಲ್ಲಿನ ಅನ್ನದಾತೆ ಒಂದು ಕೋಳಿ. ಊರೂರು ತಿರುಗಿ ಕಳ್ಳರನ್ನು ಹಿಡಿಯುವ ಆ ಕೋಳಿಯ ಕತೆ ಎಷ್ಟು ಹೆಸರು ಮಾಡಿತ್ತೆಂದರೆ, ಅದನ್ನು ಬಿಡಿಸುವ ಕಲಾವಿದನಿಗೆ ಅಹಂಕಾರ ನೆತ್ತಿಗೇರಿ, ಒಂದೊಂದು ಪುಕ್ಕವನ್ನೂ ಬೇರೆ ಬೇರೆಯಾಗಿ ಬಿಡಿಸತೊಡಗಿದ್ದ. ಕೋಳಿ ಒಂದು ಸಲ ಮೈ ಕೊಡವಿದರೆ ಸಾಕು, ಕಂಪ್ಯೂಟರಿನಲ್ಲಿ ಒಂದು ಡಿಸ್ಕು ತುಂಬಿ ಹೋಗುತ್ತಿತ್ತು.

ಈ ಪುಕ್ಕಗಳೆಲ್ಲ ಹೋಗಿ ಕೂರುವ ಜಾಗಕ್ಕೆ ಪೂಲ್ ಎನ್ನುತ್ತಿದ್ದರು. ಅದೇನೆಂದು ಯಾರಾದರೂ ಕೇಳಿದರೆ ಡಿಸ್ಕಣ್ಣ ಹೀಗೆ ಬಿಡಿಸಿ ಹೇಳುತ್ತಿದ್ದ: "ಒಟ್ಟು ಕುಟುಂಬ ಇದ್ದ ಹಾಗೆ. ಒಳಗೆ ಡಿಸ್ಕುಗಳು ಎಷ್ಟೇ ಇರಲಿ, ಹೊರಗಿನವರಿಗೆ ಒಂದೇ ಮನೆ. ಒಬ್ಬ ಹಾಸಿಗೆ ಹಿಡಿದರೆ ಉಳಿದವರು ಅವನ ಪಾಲಿನ ಕೆಲಸ ಹಂಚಿಕೊಳ್ತಾರೆ. ಜಾಗ ಸಾಲದಿದ್ದರೆ ಹೊಸಬರನ್ನ ಸೇರಿಸಿಕೊಳ್ತಾರೆ."

ಕಷ್ಟವಿದ್ದದ್ದು ಆ ಸೇರಿಸಿಕೊಳ್ಳುವುದರಲ್ಲಿಯೇ. ಹಳೆಯ ಕ್ರಮದಲ್ಲಿ ಕಪ್ಪು ಪರದೆಯ ಮೇಲೆ ಉದ್ದುದ್ದ ಆಜ್ಞೆಗಳನ್ನು ಬೆರಳಚ್ಚು ಮಾಡಬೇಕಿತ್ತು. ಒಂದಕ್ಷರ ಆಚೀಚೆಯಾದರೆ ಇಡೀ ಕುಟುಂಬ ಬೀದಿಗೆ. ಆ ವಿದ್ಯೆ ಬಲ್ಲವನು ಡಿಸ್ಕಣ್ಣ ಒಬ್ಬನೇ ಆದ್ದರಿಂದ ಅವನಿಗೆ ರಜೆ ಎಂಬುದೇ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಸಮುದ್ರ ನೋಡಲು ಹೊರಟವನನ್ನು ನಡುದಾರಿಯಲ್ಲೇ ರೈಲಿನಿಂದ ಇಳಿಸಿಕೊಂಡು ಬಂದಿದ್ದರು. ಭಾವಮೈದುನನ ಮದುವೆಯ ಫೋಟೋಗಳಲ್ಲೆಲ್ಲ ಅವನ ಬೆನ್ನು ಮಾತ್ರ ಕಾಣುತ್ತದೆ, ಮುಖ ಲ್ಯಾಪ್‌ಟಾಪಿನ ಕಡೆ. ಮಗಳು ಹುಟ್ಟಿದ ಸುದ್ದಿ ತಂದ ನರ್ಸಿಗೆ ಅವನು ಫೋನು ಕಿವಿಗೊತ್ತಿಕೊಂಡೇ "ಮೊದಲು ಸೇವ್ ಮಾಡಿ, ಆಮೇಲೆ ಹೇಳಿ" ಎಂದಿದ್ದನಂತೆ. ಹೆಂಡತಿ ಇದುವರೆಗೆ ಸಮುದ್ರ ಕಂಡದ್ದು ಅವನ ಕಂಪ್ಯೂಟರಿನ ಪರದೆಯ ಚಿತ್ರದಲ್ಲಿ, ಅದೂ ಕಪ್ಪು ಕಿಟಕಿ ಮುಚ್ಚಿದಾಗ.

ಈ ಸಲ ಅವಳು ಟಿಕೆಟ್ ತಾನೇ ತೆಗೆಸಿ, "ಸಂಜೆ ರೈಲು. ನೀವು ಬಂದ್ರೂ ಹೋಗ್ತೀವಿ, ಬರದಿದ್ರೂ ಹೋಗ್ತೀವಿ" ಎಂದಿದ್ದಳು. ಡಿಸ್ಕಣ್ಣ ನಕ್ಕಿದ್ದ. ಏಕೆಂದರೆ ಅಷ್ಟು ಹೊತ್ತಿಗೆ ಅವನ ಹೊಸ ವ್ಯವಸ್ಥೆ ಸಿದ್ಧವಾಗಿತ್ತು. ಹೊಸ ಡಿಸ್ಕನ್ನು ಯಂತ್ರದ ಖಾಲಿ ಗೂಡಿಗೆ ತಳ್ಳಬೇಕು, ಪರದೆಯ ಮೇಲೆ ಬರುವುದನ್ನು ಓದಬೇಕು, ಹಸಿರು ಬಟನ್ ಒತ್ತಬೇಕು. ಕುಟುಂಬ ತಾನಾಗಿಯೇ ಸರಿದು ಕೂತು ಹೊಸಬನಿಗೆ ಜಾಗ ಮಾಡಿಕೊಡುತ್ತದೆ. ಯಾರ ಕೆಲಸವೂ ನಿಲ್ಲುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳಲ್ಲೂ ಇಷ್ಟು ಸಲೀಸಾದ ಏರ್ಪಾಡು ಇರಲಿಕ್ಕಿಲ್ಲ ಎಂದು ಅವನ ನಂಬಿಕೆ, ಆ ನಂಬಿಕೆ ಸುಳ್ಳೇನೂ ಅಲ್ಲ.

ಯಜಮಾನರು ಮೂಗಿನ ಮೇಲಿನ ಕನ್ನಡಕ ಸರಿಸಿ ಅವನನ್ನು ನೋಡಿದರು.

"ಯಾರು ಬೇಕಾದ್ರೂ?"

"ಯಾರು ಬೇಕಾದ್ರೂ ಸಾರ್."

"ಸರಿ ಹಾಗಾದ್ರೆ. ಪೂಲ್ ತುಂಬ್ತಾ ಬಂದಿದೆ. ಕೋಳಿಗಳೆಲ್ಲ ಒಟ್ಟಿಗೇ ಹಾರೋ ದೃಶ್ಯ ಸಂಜೆಯೊಳಗೆ ಮುಗೀಬೇಕು. ಹೊಸ ಡಿಸ್ಕು ಇಲ್ಲೇ ಇದೆ. ನಮ್ಮ ಸ್ಟುಡಿಯೋದೋರು ಯಾರಾದ್ರೂ ಒಬ್ಬರು ಇದನ್ನ ಸೇರಿಸಿಬಿಡಲಿ, ನೀನು ಒಂದು ವಾರ ಸಮುದ್ರದಲ್ಲೇ ಬಿದ್ದಿರು, ನಾನು ಕೇಳಲ್ಲ. ಆದರೆ ಒಂದು ಮಾತು ಕಣಯ್ಯ. ನೀನು ಪಕ್ಕದಲ್ಲಿ ಸುಮ್ನೆ ನಿಂತಿರಬೇಕು. ತುಟಿ ಬಿಚ್ಚಿದ್ಯೋ, ರಜೆ ಇಲ್ಲ."

"ಆಗಲಿ ಸಾರ್. ಕಾಫಿ ಆರೋದ್ರೊಳಗೆ ಮುಗಿಯುತ್ತೆ" ಎಂದ ಡಿಸ್ಕಣ್ಣ. ಸಂಜೆಯವರೆಗೆ ಅವನು ಆಡಿದ ಕೊನೆಯ ಮಾತು ಅದು. ಆಮೇಲೆ ಬಾಯಿಗೆ ಬೀಗ.

ಮೊದಲು ಕರೆದದ್ದು ಲೆಕ್ಕದ ಮೇಡಂ ಅವರನ್ನು. ತಪ್ಪೆಂಬುದು ತಮ್ಮ ಕುಲದಲ್ಲೇ ಇಲ್ಲ ಎಂಬಂತೆ ಬದುಕಿದ ಹೆಂಗಸು. ಸೆರಗು ಸಿಕ್ಕಿಸಿಕೊಂಡು ಬಂದು ಡಿಸ್ಕನ್ನು ಗೂಡಿಗೆ ತಳ್ಳಿದರು. ಟಕ್ ಎಂದು ಕೂತಿತು. ನೆರೆದವರು ಭೇಷ್ ಎಂದರು. ಪರದೆಯ ಮೇಲೆ ಒಂದು ಪುಟ ತುಂಬ ಬರಹ ಮೂಡಿತು: "ಹೊಸ ಡಿಸ್ಕು ಬಂದಿದೆ. ಸಮಾಧಾನವಾಗಿ ಪೂರ್ತಿ ಓದಿ..." ಎಂದು ಶುರು.

ಮೇಡಂ ಓದಲಿಲ್ಲ. "ಬಟನ್ ಎಲ್ಲಿ?" ಎಂದರು. ಮೂಲೆಮೂಲೆ ಹುಡುಕಿದರು. ಬಟನ್ ಇರಲಿಲ್ಲ. ಅಲ್ಲಿ ಇಲ್ಲಿ ಒತ್ತಿದರು. ಪರದೆ ವಿನಯದಿಂದ, "ನೀವು ಇನ್ನೂ ಓದಿಲ್ಲ" ಎಂದಿತು.

"ಓದಿದ್ದೀನಿ!"

"ನೀವು ಇನ್ನೂ ಓದಿಲ್ಲ" ಎಂದಿತು ಪರದೆ ಮತ್ತೊಮ್ಮೆ.

"ಏನ್ರೀ ಇದು? ನನ್ನ ಮುಖದ ಮೇಲೇ ಸುಳ್ಳಿ ಅನ್ನುತ್ತಲ್ಲ!" ಮೇಡಂ ಕೆಂಪಾದರು. "ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಮಾತು ಯಾರೂ ಅಂದಿರಲಿಲ್ಲ" ಎಂದು ಹೇಳಿ, ಕುರ್ಚಿ ಹಿಂದಕ್ಕೆ ನೂಕಿ ಹೊರಟೇ ಹೋದರು.

ಡಿಸ್ಕಣ್ಣನ ಗಂಟಲಲ್ಲಿ "ಕೊನೆಯ ಸಾಲಿನವರೆಗೂ ಓದಿ, ಬಟನ್ ಆಗ ಬರುತ್ತೆ" ಎಂಬ ಮಾತು ಬಂದು ಸಿಕ್ಕಿಕೊಂಡಿತು. ನುಂಗಿಕೊಂಡ. ಬಟನ್ನು ಹಾಗೆ ಅಡಗಿ ಕೂರುವಂತೆ ಮಾಡಿದವನು ಅವನೇ. ಮನೆಯಲ್ಲಿ ಸಂಜೆ ಹೊತ್ತು ಈ ವ್ಯವಸ್ಥೆಯನ್ನು ಪರೀಕ್ಷೆ ಮಾಡಲು ಸಿಗುತ್ತಿದ್ದದ್ದು ಅತ್ತೆ ಒಬ್ಬರೇ, ಹೆಂಡತಿಯ ತಾಯಿ. ಏನೂ ತಿಳಿಯದವರಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಅವರನ್ನೇ ದಿನಾ ಕೂರಿಸಿಕೊಳ್ಳುತ್ತಿದ್ದ. ಅತ್ತೆ ಏನನ್ನೇ ಆಗಲಿ ಗಟ್ಟಿಯಾಗಿ, ನಿಧಾನವಾಗಿ, ಕೊನೆಯ ಚುಕ್ಕಿಯವರೆಗೆ ಓದುವವರು. ಓದುವ ಮಧ್ಯೆ ಬಟನ್ ಕಂಡರೆ, "ನಾನಿನ್ನೂ ಓದ್ತಾ ಇದ್ದೀನಿ, ಇದೇನು ಅವಸರ ಮಾಡುತ್ತೆ?" ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ಅದಕ್ಕೆ ಬಟನ್ನನ್ನು ಕೊನೆಯ ಸಾಲಿನ ಕೆಳಗೆ ಬಚ್ಚಿಟ್ಟಿದ್ದ.

ಎರಡನೆಯವನು ಸೌಂಡ್ ಮಾಸ್ತರ. ಕೋಳಿಯ ಕೂಗಿನಿಂದ ಹಿಡಿದು ಗುಡುಗಿನವರೆಗೆ ಎಲ್ಲ ಸದ್ದೂ ಅವನದೇ. ಕಾಲಲ್ಲಿ ತಾಳ ಹಾಕುತ್ತಲೇ ಬಂದು ಕೂತ. ಬರಹವನ್ನೆಲ್ಲ ಸರ್ರೆಂದು ಕೆಳಕ್ಕೆ ಓಡಿಸಿ ತಳ ಮುಟ್ಟಿದ. ಹಸಿರು ಬಟನ್ ಕಣ್ಣು ಬಿಟ್ಟಿತು.

"ಇಷ್ಟೇ ತಾನೆ!" ಎಂದು ಸೌಂಡ್ ಮಾಸ್ತರ ಟಕಟಕ ಎಂದು ಒತ್ತಿದ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಟಕಟಕಟಕ ಎಂದು ಒತ್ತಿದ. ಆಗ ಪರದೆಯ ಮೇಲೆ ಬಂತು: "ಮನಸ್ಸು ಗಟ್ಟಿ ಮಾಡಿಕೊಂಡು ಒತ್ತಿ."

"ಅಂದ್ರೆ ಜೋರಾಗಿ ಒತ್ತಬೇಕು" ಎಂದ ಹಿಂದೆ ನಿಂತ ಒಬ್ಬ.

"ಹೆದರ್ತಾ ಹೆದರ್ತಾ ಒತ್ತಬಾರದು" ಎಂದ ಇನ್ನೊಬ್ಬ.

ಸೌಂಡ್ ಮಾಸ್ತರ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಹೆಬ್ಬೆರಳು ಊರಿ ಒಂದು ಗುದ್ದು ಗುದ್ದಿದ. ಮೌಸಿನ ಎಡಗಿವಿ ಚಂಗನೆ ಹಾರಿ ಯಜಮಾನರ ಕಾಫಿ ಲೋಟದಲ್ಲಿ ಬಿತ್ತು. ಕಾಫಿ ಇನ್ನೂ ಆರಿರಲಿಲ್ಲ.

ಡಿಸ್ಕಣ್ಣ ತನ್ನ ಬೆರಳನ್ನು ಮೇಜಿನ ಮೇಲೆ ಊರಿ, ತೆಗೆಯದೆ ಹಾಗೇ ಇಟ್ಟು, ಕಣ್ಣಲ್ಲೇ ಬೇಡಿಕೊಂಡ. ಬಟನ್ನಿನ ಮರ್ಮ ಅಷ್ಟೇ, ಒತ್ತಿ ಹಿಡಿಯಬೇಕು. ಅದೂ ಅತ್ತೆಯ ಕೊಡುಗೆ. ಅವರು ಕರೆಗಂಟೆ ಒತ್ತಿದರೆ ಒಳಗಿನವರು ಬಾಗಿಲಿಗೆ ಬರುವ ತನಕ ಬೆರಳು ತೆಗೆಯುವವರಲ್ಲ.

"ಏನದು ಕೈಸನ್ನೆ?" ಯಜಮಾನರು ಗದರಿದರು. "ಸನ್ನೆನೂ ಮಾತೇ. ಕೈ ಕಟ್ಟು."

ಡಿಸ್ಕಣ್ಣ ಕೈ ಕಟ್ಟಿದ. ಸ್ವಲ್ಪ ಹೊತ್ತಿನ ಮೇಲೆ ಹುಬ್ಬು ಹಾರಿಸಿದ. ಅದನ್ನೂ ನಿಷೇಧಿಸಿದರು. ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು.

ಹೊಸ ಮೌಸು ಹುಡುಕಿ ತರುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಆಗ ಎದ್ದು ಬಂದವನು ಕೋಳಿಯ ಕಲಾವಿದ. "ಈ ಪೂಲ್ ಇರೋದೇ ನನ್ನ ಕೋಳಿಗೋಸ್ಕರ. ನಾನು ಹೇಳಿದರೆ ಕೇಳುತ್ತೆ" ಎಂದು ಕುರ್ಚಿಯಲ್ಲಿ ಕೂತ. ಅವನು ಹುಟ್ಟಾ ನಿಧಾನಸ್ಥ. ಪುಕ್ಕ ಪುಕ್ಕ ಬಿಡಿಸುವವನಿಗೆ ಓದುವುದು ಕಷ್ಟವೇ? ಕೊನೆಯವರೆಗೂ ಓದಿದ. ಕುಂಚ ಹಿಡಿದ ಕೈ ಬಟನ್ನಿನ ಮೇಲೆ ಕೂತದ್ದು ಏಳಲೇ ಇಲ್ಲ. ಬಟನ್ ಹಸಿರು ತುಂಬಿಕೊಳ್ಳುತ್ತ ಬಂತು. ಗೋಡೆಯ ಗಾಜಿನ ಚೌಕಟ್ಟಿನಲ್ಲಿ ಅದರ ಪ್ರತಿಬಿಂಬ ಕಂಡು ಡಿಸ್ಕಣ್ಣನ ಕಣ್ಣ ಮುಂದೆ ಅಲೆಗಳು ಬಂದು ಹೋದವು.

ಆಗ ಪರದೆ ಕೊನೆಯದೊಂದು ಪ್ರಶ್ನೆ ಕೇಳಿತು: "ಮನೆಯವರನ್ನೆಲ್ಲ ಒಂದು ಮಾತು ಕೇಳಿದಿರಾ?"

ಡಿಸ್ಕಣ್ಣ ಗೋಡೆಗೆ ಹಣೆ ಚಚ್ಚಿಕೊಂಡ. ಒಂದು ದಿನ ಮನೆಯಲ್ಲಿ ಮಗಳು ಸಿನಿಮಾ ನೋಡುತ್ತಿದ್ದಾಗ ಅತ್ತೆ ಡಿಸ್ಕು ಎಳೆದು ಹಾಕಿ ರಂಪವಾಗಿತ್ತು. "ಮಾಡೋ ಮುಂಚೆ ಎಲ್ಲರನ್ನೂ ಕೇಳು ಅಂತ ಅದು ನನಗೆ ಹೇಳಬೇಕಿತ್ತು" ಎಂದು ಅತ್ತೆ ಹಟ ಹಿಡಿದಿದ್ದರು. ಹೇಳುವಂತೆ ಮಾಡಿದ್ದ. ಆಫೀಸಿಗೆ ತರುವಾಗ ತೆಗೆಯಲು ಮರೆತಿದ್ದ.

ಕಲಾವಿದ ಸತ್ಯವಂತ. ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಮಾಡಿದ.

"ನೋಡೇ, ಇಲ್ಲಿ ಒಂದು ಡಿಸ್ಕು ಸೇರಿಸಬೇಕಂತೆ. ನಿನ್ನ ಒಂದು ಮಾತು ಕೇಳಬೇಕಂತೆ... ಇಲ್ಲ ಇಲ್ಲ, ಕುಡಿದಿಲ್ಲ... ಯಾಕೆ ಅಂದ್ರೆ, ಕಂಪ್ಯೂಟರ್ರೇ ಕೇಳ್ತಾ ಇದೆ... ಹೌದು, ನಿನ್ನ ಹೆಸರು ಹೇಳಿಲ್ಲ, ಮನೆಯವರು ಅಂತ ಅಷ್ಟೇ ಅಂದಿದೆ..." ಅಷ್ಟರಲ್ಲಿ ಆ ಕಡೆಯಿಂದ ಫೋನು ಕುಕ್ಕಿದ ಸದ್ದು ಎಲ್ಲರಿಗೂ ಕೇಳಿಸಿತು.

"ಆ ಮನೆ ಅಲ್ಲ ಕಣೋ, ಈ ಮನೆ" ಎಂದರು ಯಜಮಾನರು. "ಸ್ಟುಡಿಯೋದವರನ್ನೆಲ್ಲ ಕೇಳಬೇಕು ಅಂತ ಅರ್ಥ."

ಅಲ್ಲಿಗೆ ಮೀಟಿಂಗು ಶುರುವಾಯಿತು. ಹೊಸ ಡಿಸ್ಕನ್ನು ಸೇರಿಸಿಕೊಳ್ಳುವುದೋ ಬೇಡವೋ ಎಂದು ಕೇಳಿದ ಕೂಡಲೇ ಇದುವರೆಗೆ ಡಿಸ್ಕು ಹೇಗಿರುತ್ತದೆಂದು ನೋಡದವರಿಗೂ ಅಭಿಪ್ರಾಯ ಹುಟ್ಟಿಕೊಂಡಿತು. ಅದು ಪೂರ್ತಿ ಕೋಳಿಗೇ ಮೀಸಲಾಗಬೇಕು ಎಂದ ಕಲಾವಿದ. "ಹೋದ ಸಲವೂ ನಿನ್ನ ಕೋಳಿಯೇ ತಿಂತು. ನನ್ನ ಗುಡುಗು ಎಲ್ಲಿಡಲಿ? ತಲೆ ಮೇಲಾ?" ಎಂದ ಸೌಂಡ್ ಮಾಸ್ತರ. ಲೆಕ್ಕದ ಮೇಡಂ ಕೋಪ ಮರೆತು ವಾಪಸು ಬಂದು, "ನಾನು ಓದಿಲ್ಲ ಅಂದ ಯಂತ್ರಕ್ಕೆ ನಾನು ಒಪ್ಪಿಗೆ ಕೊಡಲ್ಲ" ಎಂದರು. ಮಾತಿಗೆ ಮಾತು ಬೆಳೆಯಿತು. ಕೋಳಿಯ ಪರ ಒಂದು ಗುಂಪು, ಗುಡುಗಿನ ಪರ ಒಂದು ಗುಂಪು ಆಯಿತು. ಪರದೆ ಕಾದು ಕಾದು ಬೇಸತ್ತು, "ಕೇಳಿಕೊಂಡು ನಿಧಾನವಾಗಿ ಬನ್ನಿ" ಎಂದು ಬರೆದು ಮೊದಲಿನ ಪುಟಕ್ಕೆ ಹೋಗಿ ಕೂತಿತು.

ಅದೇ ಹೊತ್ತಿಗೆ ಪೂಲ್ ತುಂಬಿತು. ದೊಡ್ಡ ಪರದೆಯ ಮೇಲೆ ಹಾರುತ್ತಿದ್ದ ಕೋಳಿಗಳೆಲ್ಲ ಇದ್ದಲ್ಲೇ ನಿಂತವು. ಎಲ್ಲಕ್ಕಿಂತ ಮುಂದಿದ್ದ ನಾಯಕಿ ಕೋಳಿಗೆ ಒಂದೇ ಕಾಲು ಬಂದಿತ್ತು, ಇನ್ನೊಂದು ಕಾಲಿಗೆ ಜಾಗವಿರಲಿಲ್ಲ. ಒಂಟಿ ಕಾಲಲ್ಲಿ ಆಕಾಶದ ನಡುವೆ ಅಲ್ಲಾಡಲಾಗದೆ, ಕೂಗಲಾಗದೆ ಅದು ನಿಂತ ಭಂಗಿ ಡಿಸ್ಕಣ್ಣನಂತೆಯೇ ಇತ್ತು.

"ಅಯ್ಯೋ ನನ್ನ ಕೋಳಿ!" ಎಂದು ಕಲಾವಿದ ಎದೆ ಹಿಡಿದುಕೊಂಡ.

ಯಜಮಾನರು ಮುಂಗೈ ಮೇಲಕ್ಕೆ ತೋಳೇರಿಸಿ ತಾವೇ ಕೂತರು. ಅವರು ಯಾವುದನ್ನೂ ಓದಿ ಗೊತ್ತಿಲ್ಲ, ಯಾರನ್ನೂ ಕೇಳಿ ಗೊತ್ತಿಲ್ಲ, ಕಾದು ಗೊತ್ತಿಲ್ಲ. ಆ ಪರದೆ ಬೇಡುವುದು ಆ ಮೂರನ್ನೇ. ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಮೇಲೆದ್ದವರ ಮುಖ ನೋಡಿ ಎಲ್ಲರೂ ತಮ್ಮ ತಮ್ಮ ಮೇಜಿನ ಕಡೆ ಸರಿದರು.

"ಏನಯ್ಯಾ ಡಿಸ್ಕಣ್ಣ, ಇದೇ ಏನಯ್ಯಾ ನಿನ್ನ ಸುಲಭ? ನಿನ್ನ ಆ ಹಳೇ ಕಪ್ಪು ಪರದೆನೇ ವಾಸಿ. ಅದು ನನ್ನನ್ನ ಪ್ರಶ್ನೆ ಕೇಳ್ತಾ ಇರಲಿಲ್ಲ. ಕೂತ್ಕೋ. ಹಳೇ ಥರಾನೇ ಸೇರಿಸು. ರಜೆ ಗಿಜೆ ಎಲ್ಲ ಮರೆತುಬಿಡು."

ಡಿಸ್ಕಣ್ಣ ಗೋಡೆಯಿಂದ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. ರಜೆ ಹೋಯಿತೆಂಬ ಸಂಕಟ ಒಂದು ಪಾಲು, ತಾನು ಅಷ್ಟು ಮುದ್ದಿನಿಂದ ಮಾಡಿದ್ದನ್ನು ಕಷ್ಟವೆಂದರಲ್ಲ ಎಂಬ ಸಂಕಟ ಮೂರು ಪಾಲು. ಅದು ಕಷ್ಟವಲ್ಲ. ಅದರಷ್ಟು ಸುಲಭವಾದ್ದು ಎಲ್ಲೂ ಇಲ್ಲ. ಆದರೆ ಹೇಳುವುದು ಹೇಗೆ?

ಆಗ ಬಾಗಿಲಲ್ಲಿ ಪೆಟ್ಟಿಗೆಗಳು ಕಂಡವು. ಪೆಟ್ಟಿಗೆಗಳ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಸೊಂಟಕ್ಕೆ ಈಜುವ ಟ್ಯೂಬು ಸಿಕ್ಕಿಸಿಕೊಂಡ ಮಗಳು, ಎಲ್ಲರ ಹಿಂದೆ ರೈಲು ಹತ್ತಿಸಲು ಬಂದ ಅತ್ತೆ. ಊರಿಗೆ ಹೊರಟವರು ಮೂವರೇ. ಅತ್ತೆ ಮನೆ ನೋಡಿಕೊಳ್ಳಲು ಉಳಿಯುವವರು.

"ರೀ, ಹೊತ್ತಾಯ್ತು. ಏನ್ರೀ ಇದು, ಹೀಗೆ ನಿಂತಿದ್ದೀರಿ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು ಹೆಂಡತಿ.

ಡಿಸ್ಕಣ್ಣ ತುಟಿ ಬಿಚ್ಚಲಿಲ್ಲ. ಅತ್ತೆಯ ಕಣ್ಣು ಆ ಹೊತ್ತಿಗೆ ಮೇಜಿನ ಮೇಲಿನ ಪರದೆಗೆ ಬಿದ್ದಿತ್ತು.

"ಇದು ನಮ್ಮನೇದಲ್ವಾ?" ಎಂದರು. ಕೈಚೀಲವನ್ನು ಸೌಂಡ್ ಮಾಸ್ತರನ ಕೈಗೆ ಕೊಟ್ಟರು. ಕುರ್ಚಿ ಎಳೆದು ಕೂತರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ಡಾಕ್ಟರುಗಳೂ ಅವರ ವಾರ್ಡಿಗೆ ಚಪ್ಪಲಿ ಸದ್ದಾಗದಂತೆ ಬರುತ್ತಿದ್ದರಂತೆ.

ಕನ್ನಡಕ ಒರೆಸಿ ಹಾಕಿಕೊಂಡು ಓದತೊಡಗಿದರು, ಗಟ್ಟಿಯಾಗಿ. "ಹೊಸ ಡಿಸ್ಕು ಬಂದಿದೆ. ಸಮಾಧಾನವಾಗಿ ಪೂರ್ತಿ ಓದಿ. ಇದನ್ನು ಸೇರಿಸಿಕೊಂಡರೆ ಇದರಲ್ಲಿ ಮೊದಲು ಏನಿದ್ದರೂ ಅಳಿಸಿ ಹೋಗುತ್ತದೆ..." ಕೊನೆಯ ಚುಕ್ಕಿಯವರೆಗೆ ಓದಿದರು. ಬಟನ್ ಬಂತು. ಬೆರಳಿಟ್ಟರು, ತೆಗೆಯಲಿಲ್ಲ. ಪ್ರಶ್ನೆ ಬಂತು. ಅತ್ತೆ ಕುರ್ಚಿಯಲ್ಲೇ ಹಿಂತಿರುಗಿ, ಇಡೀ ಸ್ಟುಡಿಯೋವನ್ನು ಒಂದು ಸಲ ನೋಡಿದರು.

"ಡಿಸ್ಕು ಸೇರಿಸ್ತಾ ಇದ್ದೀನಿ. ಯಾರದಾದ್ರೂ ತಕರಾರಿದೆಯಾ?"

ಕೋಳಿಯ ಪರದವರು ನೆಲ ನೋಡಿದರು. ಗುಡುಗಿನ ಪರದವರು ಸೂರು ನೋಡಿದರು. ಲೆಕ್ಕದ ಮೇಡಂ, ತಮಗೇ ತಿಳಿಯದೆ, "ಇಲ್ಲ ಸಿಸ್ಟರ್" ಎಂದರು.

"ಕೇಳಿದೆ" ಎಂದು ಅತ್ತೆ ಮತ್ತೆ ಒತ್ತಿ ಹಿಡಿದರು.

ಗೂಡುಗಳ ದೀಪಗಳೆಲ್ಲ ಒಂದರ ಹಿಂದೊಂದು ಮಿನುಗಿದವು. ಹೊಸ ಗೂಡಿನ ದೀಪ ಮೊದಲು ಹಳದಿಯಾಗಿ, ಆಮೇಲೆ ಹಸಿರಾಯಿತು. ಯಾವುದೂ ನಿಲ್ಲಲಿಲ್ಲ, ಯಾವುದೂ ಕೆಡಲಿಲ್ಲ. ದೊಡ್ಡ ಪರದೆಯ ಮೇಲೆ ನಾಯಕಿ ಕೋಳಿ ಎರಡನೆಯ ಕಾಲು ಚಾಚಿ, ರೆಕ್ಕೆ ಬಡಿದು, ತನ್ನ ಬಳಗವನ್ನೆಲ್ಲ ಕರೆದುಕೊಂಡು ಮೋಡದಾಚೆಗೆ ಹಾರಿಹೋಯಿತು. ಒಂದು ಪುಕ್ಕವೂ ಕಡಿಮೆಯಾಗಲಿಲ್ಲ.

ಸ್ಟುಡಿಯೋ ತುಂಬ ಚಪ್ಪಾಳೆ. ಡಿಸ್ಕಣ್ಣನಿಗೆ ಮೈಯೆಲ್ಲ ಜುಂ ಎಂದಿತು. ತಾನು ಅಲ್ಲಾಡದೆ, ಒಂದು ಮಾತಾಡದೆ, ಒಂದು ಅಕ್ಷರ ಒತ್ತದೆ ಪೂಲ್ ಹಿಗ್ಗಿತ್ತು. ಮದುವೆಯ ದಿನ, ಮಗಳು ಹುಟ್ಟಿದ ದಿನ ಅವನು ಸಂತೋಷಪಡಲು ಬಿಡುವಾಗದೆ ಉಳಿದುಹೋಗಿದ್ದ ಸಂತೋಷವೆಲ್ಲ ಈಗ ಒಟ್ಟಿಗೇ ಬಂದಂತಾಯಿತು.

"ನಮ್ಮ ಅಳಿಯಂದಿರು ಮಾಡಿದ್ದು" ಎಂದರು ಅತ್ತೆ ಎಲ್ಲರ ಕಡೆ ತಿರುಗಿ. ಅವರ ದನಿಯಲ್ಲಿ ಹೆಮ್ಮೆ ತುಂಬಿತ್ತು. "ಇಷ್ಟು ಸಲೀಸು ನಾನು ಬೇರೆಲ್ಲೂ ನೋಡಿಲ್ಲ. ನೀವೆಲ್ಲ ಬೆಳಿಗ್ಗೆಯಿಂದ ಏನು ಮಾಡ್ತಾ ಇದ್ರಿ?"

"ಆದ್ರೆ ಸಾರ್" ಎಂದರು ಲೆಕ್ಕದ ಮೇಡಂ, "ನೀವು ಹೇಳಿದ್ದು ನಮ್ಮ ಸ್ಟುಡಿಯೋದೋರು ಯಾರಾದ್ರೂ ಅಂತ. ಇವರು ನಮ್ಮ ಸ್ಟುಡಿಯೋದವರಲ್ಲವಲ್ಲ."

ಚಪ್ಪಾಳೆ ನಿಂತಿತು. ಯಜಮಾನರು ಗಲ್ಲ ಕೆರೆದುಕೊಂಡರು. ಅತ್ತೆಯನ್ನು ನೋಡಿದರು, ತಲೆ ತಗ್ಗಿಸಿ ನಿಂತ ತಮ್ಮ ಸಿಬ್ಬಂದಿಯನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಅವರೆಲ್ಲ ಒಟ್ಟಿಗೇ ಬಾಯಿ ಮುಚ್ಚಿದ್ದನ್ನು ಅವರು ಕಂಡಿರಲಿಲ್ಲ.

"ಹಾಗಾದ್ರೆ ನಮ್ಮ ಸ್ಟುಡಿಯೋದವರನ್ನಾಗಿ ಮಾಡ್ಕೊಳ್ಳೋಣ. ಅಮ್ಮಾ, ನೀವು ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ? ಪೂಲ್ ನೋಡಿಕೊಳ್ಳೋಕೆ?"

"ನನಗ್ಯಾಕಪ್ಪ ಈಗ ಕೆಲಸ? ಗಿಡಕ್ಕೆ ನೀರು ಹಾಕ್ಕೊಂಡು ಹಾಯಾಗಿದ್ದೀನಿ" ಎಂದರು ಅತ್ತೆ. ಹಾಗೆ ಹೇಳುವಾಗ ಬೆನ್ನು ಮಾತ್ರ ತಾನಾಗಿಯೇ ನೆಟ್ಟಗಾಯಿತು.

ಡಿಸ್ಕಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಬೆಳಗಿನಿಂದ ಕಟ್ಟಿದ್ದ ಬಾಯಿ ಬಿಚ್ಚಿತು.

"ಒಪ್ಪಿಕೊಳ್ಳಿ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ, ಒಪ್ಪಿಕೊಳ್ಳಿ!"

ಹೆಂಡತಿಯೂ, "ಒಪ್ಪಿಕೊಳ್ಳಮ್ಮ" ಎಂದಳು. ಮೊಮ್ಮಗಳು, "ಹೂಂ ಅನ್ನು ಅಜ್ಜಿ, ರೈಲು ಹೋಗುತ್ತೆ" ಎಂದಳು. ಅತ್ತೆ ಹೂಂ ಎಂದರು.

"ಈ ಮೇಡಂ ಇವತ್ತಿನಿಂದ ಪೂಲ್ ವಿಭಾಗದ ಮುಖ್ಯಸ್ಥೆ" ಎಂದು ಯಜಮಾನರು ಸಾರಿದರು. ಡಿಸ್ಕಣ್ಣನಿಗೆ ಅದೂ ಒಪ್ಪಿಗೆಯೇ. ಅತ್ತೆ ಮುಖ್ಯಸ್ಥೆಯಾಗಲಿ, ಮಂತ್ರಿಯಾಗಲಿ, ಅವನಿಗೆ ರೈಲು ಸಿಕ್ಕರೆ ಸಾಕು. ಯಜಮಾನರು ಉತ್ಸಾಹದಲ್ಲಿ ಮುಂದುವರಿಸಿದರು: "ನಿಮ್ಮ ಮೊದಲ ಕೆಲಸ ಶುಭಕಾರ್ಯವೇ ಆಗಲಿ ಮೇಡಂ. ಇವನ ರಜೆಯನ್ನ ನಿಮ್ಮ ಕೈಯಾರೆ ನೀವೇ ಮಂಜೂರು ಮಾಡಿ. ಪೂಲ್ ವಿಭಾಗ ಅಂದ್ರೆ ಅಲ್ಲಿ ಕೆಲಸಗಾರ ಅಂತ ಇರೋನು ಇವನೊಬ್ಬನೇ."

ಡಿಸ್ಕಣ್ಣ ಪೆಟ್ಟಿಗೆ ಎತ್ತಿಕೊಂಡ. ಎತ್ತಿಕೊಂಡೇ ಅತ್ತೆಯ ಮುಂದೆ ನಿಂತು ಹಲ್ಲು ಕಿರಿದ.

ರಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೌಂಡ್ ಮಾಸ್ತರ ಮುಂದೆ ಬಂದ. "ಮೇಡಂ, ಹಾಗೇ ನನಗೂ ಒಂದೆರಡು ದಿನ. ಕೂಗಿ ಕೂಗಿ ಗಂಟಲು ಹೋಗಿದೆ." ಕಲಾವಿದ, "ನನಗೂ ಮೇಡಂ, ಮನೇಲಿ ಹೆಂಡತಿ ಫೋನು ತೆಗೀತಿಲ್ಲ" ಎಂದ. ಲೆಕ್ಕದ ಮೇಡಂ, "ಕೊಡೋದಾದ್ರೆ ಎಲ್ಲರಿಗೂ ಕೊಡಿ. ಅಳಿಯನಿಗೊಂದು, ಊರಿಗೊಂದು ಬೇಡ" ಎಂದರು.

ಅತ್ತೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅಳಿಯನನ್ನು ನೋಡಿದರು. ಅದು ಅತ್ತೆಯ ನೋಟವಾಗಿರಲಿಲ್ಲ, ಹೆಡ್ ನರ್ಸಿನ ನೋಟವಾಗಿತ್ತು.

"ವಾರ್ಡ್ ತುಂಬಿ ತುಳುಕ್ತಾ ಇರೋವಾಗ ರಜೆ ಕೇಳ್ತಾರಾ?" ಎಂದರು. "ನನ್ನ ಅಳಿಯ ಅಂತ ಇವರಿಗೆ ರಜೆ ಕೊಟ್ಟರೆ, ನಾಳೆ ನಿಮಗೆಲ್ಲ ಇಲ್ಲ ಅನ್ನೋಕೆ ನನಗೆ ಮುಖ ಎಲ್ಲಿರುತ್ತೆ? ಕಟ್ಟುನಿಟ್ಟು ಅನ್ನೋದು ಮೊದಲು ನಮ್ಮವರಿಂದಲೇ ಶುರುವಾಗಬೇಕು. ರಜೆ ಇಲ್ಲ. ಯಾರಿಗೂ ಇಲ್ಲ."

ಮೊದಲು ಲೆಕ್ಕದ ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಇಷ್ಟು ಕಾಲ ಒಬ್ಬೊಬ್ಬರಿಗೂ ತಾವೇ ಇಲ್ಲ ಎನ್ನುತ್ತ ಕೆಟ್ಟ ಹೆಸರು ಹೊತ್ತಿದ್ದ ಯಜಮಾನರಂತೂ ಕಣ್ಣೊರೆಸಿಕೊಂಡು, "ಇಂಥೋರು ಬೇಕಿತ್ತು ನಮಗೆ" ಎಂದರು. ಸುತ್ತಲೂ ತಟ್ಟುತ್ತಿದ್ದದ್ದರಿಂದ ಡಿಸ್ಕಣ್ಣನೂ ಪೆಟ್ಟಿಗೆ ಕೆಳಗಿಟ್ಟು ತಟ್ಟಬೇಕಾಯಿತು.

ಹೆಂಡತಿ ತಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಗಡಿಯಾರ ನೋಡಿದಳು. "ನಮ್ಮಮ್ಮ ಯಾವಾಗಲೂ ಹೀಗೇ ರೀ, ನ್ಯಾಯ ಅಂದ್ರೆ ನ್ಯಾಯ" ಎಂದಳು. ಅವಳಿಗೂ ಹೆಮ್ಮೆಯೇ. "ನಾವಿಬ್ಬರು ಹೋಗಿ ಬರ್ತೀವಿ. ಸಮುದ್ರದ ಫೋಟೋ ಬೇಕಾದಷ್ಟು ಕಳಿಸ್ತೀನಿ ಬಿಡಿ, ಹೇಗೂ ಪೂಲಲ್ಲಿ ಈಗ ಜಾಗ ಇದೆಯಲ್ಲ."

ಮಗಳು ಅಪ್ಪನಿಗೆ ಮುತ್ತು ಕೊಟ್ಟಳು, ಪೆಟ್ಟಿಗೆಗಳು ಬಾಗಿಲು ದಾಟಿದವು, ಟ್ಯಾಕ್ಸಿ ಹೊರಟುಹೋಯಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮುಖ್ಯಸ್ಥೆಯವರನ್ನು ಮನೆಗೆ ಬಿಡಲು ಯಜಮಾನರ ಕಾರೇ ಮೆಟ್ಟಿಲ ಬುಡದಲ್ಲಿ ಬಂದು ನಿಂತಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಕೂತರು. ಡಿಸ್ಕಣ್ಣ ಸುತ್ತಿ ಬಂದು ಆ ಕಡೆಯ ಬಾಗಿಲಿಗೆ ಕೈ ಹಾಕಿದ.

"ಅಳಿಯಂದಿರೇ" ಎಂದರು ಅತ್ತೆ ಗಾಜು ಇಳಿಸಿ, ದನಿ ತಗ್ಗಿಸಿ, "ನೀವು ಬಸ್ಸಲ್ಲಿ ಬನ್ನಿ. ನನ್ನ ಕೈಕೆಳಗಿನವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೋದ್ರೆ ನೋಡಿದವರು ಏನಂತಾರೆ? ಬರ್ತಾ ಹಾಲು ತನ್ನಿ. ಅದು ಮನೆ ವಿಷಯ, ಆಫೀಸಿಗೆ ಸಂಬಂಧ ಇಲ್ಲ."